ಹೂಮಳೆ, ಮೋಟರ್, ಮೊಬೈಲ್: ಕರೆಂಟ್ ಉಳಿಯುವುದು ಎಲ್ಲಿ?

ರಾತ್ರಿ ಒಂದೂವರೆಗೆ ಕರೆಂಟ್ ಬಂತು. ಕೆರೆ ಪಕ್ಕದ ಮೋಟರ್ ತಾನಾಗಿಯೇ ಶುರುವಾಯಿತು. ಸ್ಟಾರ್ಟರನ್ನು ಆಟೋದಲ್ಲಿಟ್ಟು ಮಲಗಿದ್ದೆವು. ಮಾರ್ಚ್ ಮೊದಲ ವಾರ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ತ್ರೀಫೇಸ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಅಂತ ಕಾದು ಕೂರುವುದಕ್ಕೆ ಆಗುವುದಿಲ್ಲ, ಅದಕ್ಕೇ ಆಟೋ. ಆದರೆ ಅವತ್ತು ಸಂಜೆ ಗುಡುಗಿನ ಜೊತೆ ಒಂದು ಇಂಚು ಹತ್ತು ಸೆಂಟ್ (ನೂರು ಸೆಂಟಿಗೆ ಒಂದು ಇಂಚು) ಮಳೆ ಬಿದ್ದಿತ್ತು. ಮಳೆಗೆ ಕರೆಂಟ್ ಹೋಯಿತು. ಕರೆಂಟ್ ಹೋದ ಮೇಲೆ ಮೋಟರಿನ ನೆನಪೂ ಹೋಯಿತು.

ಸದ್ದಿಗೆ ಎಚ್ಚರವಾದಾಗ ಹೊರಗೆ ಹೋಗುವ ಹಾಗಿರಲಿಲ್ಲ. ಕೊಡಗಿನ ಚೆಟ್ಟಳ್ಳಿ ಕಡೆಯವರಿಗೆ ಕಾರಣ ಹೇಳಬೇಕಾಗಿಲ್ಲ. ಕೆರೆ ಏರಿಯ ಮೇಲೆ ಹಿಂದಿನ ದಿನವಷ್ಟೇ ಆನೆಯ ಹಸಿ ಲದ್ದಿ ಕಂಡಿತ್ತು. ಬೆಳಿಗ್ಗೆ ಆರೂವರೆಗೆ ಹೋಗಿ ಆಫ್ ಮಾಡಿದೆ. ಮಳೆಗೆ ತೊಯ್ದು ನಿಂತಿದ್ದ ಗಿಡಗಳ ಮೇಲೆಯೇ ಐದು ಗಂಟೆ ನೀರು ಹಾರಿತ್ತು.

ಅದು 10 ಎಚ್‌ಪಿ ಮೋಟರ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಮೋಟರಿನೊಳಗೆ ನಷ್ಟವಾಗುವುದನ್ನೂ ಸೇರಿಸಿದರೆ ಗಂಟೆಗೆ ಎಂಟೂವರೆ ಯುನಿಟ್ ಹತ್ತಿರ ಎಳೆಯುತ್ತದೆ. ಐದು ಗಂಟೆಗೆ ನಲವತ್ತು ಯುನಿಟ್ ಮೇಲಾಯಿತು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯುನಿಟ್ ವಿದ್ಯುತ್ ಹುಟ್ಟುವಾಗ ಸರಾಸರಿ 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ನಾನು ಹಾಸಿಗೆಯಲ್ಲಿ ಹೊರಳಾಡುತ್ತಿದ್ದ ಹೊತ್ತಿಗೆ ಸುಮಾರು 30 ಕಿಲೋ ಹೊಗೆ ಎಲ್ಲೋ ಒಂದು ಚಿಮಣಿಯಿಂದ ಹೊರಟಿತ್ತು, ಸುಮ್ನೆ.

ಆಟೋ ಸ್ಟಾರ್ಟರ್ ಕೂಡ ತಂತ್ರಜ್ಞಾನವೇ ಅಲ್ವಾ? ಅದು ನಮ್ಮ ನಡಿಗೆ ಉಳಿಸಿತು, ಕರೆಂಟ್ ಉಳಿಸಲಿಲ್ಲ. ಅದಕ್ಕೆ ಗೊತ್ತಿದ್ದ ಸಂಗತಿ ಒಂದೇ, ಕರೆಂಟ್ ಬಂದಿದೆ ಅನ್ನುವುದು. ಮಳೆ ಬಂದಿದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಮಾಹಿತಿ ತಂತ್ರಜ್ಞಾನದಿಂದ ವಿದ್ಯುತ್ ಉಳಿಸಬಹುದು, ಭೂಮಿ ಬಿಸಿಯಾಗುವುದನ್ನು ತಡೆಯಬಹುದು ಅಂತ ಹದಿನೈದಿಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ. ಕೇಳಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಕಂಪ್ಯೂಟರ್ ಆಗಲಿ ಮೊಬೈಲ್ ಆಗಲಿ ತಾನಾಗಿ ಒಂದು ಯುನಿಟ್ಟನ್ನೂ ಉಳಿಸುವುದಿಲ್ಲ. ಅದು ಸುದ್ದಿ ತಲುಪಿಸುತ್ತದೆ. ಯಾವ ಸುದ್ದಿ, ಯಾರಿಗೆ, ಸ್ವಿಚ್ಚಿನ ಮೇಲೆ ಕೈ ಇಡುವ ಮುಂಚೆಯೋ ಆಮೇಲೋ ಅನ್ನುವುದರ ಮೇಲೆ ಉಳಿತಾಯ ನಿಂತಿದೆ.

ಎಕರೆಗೆ ಒಂದು ಇಂಚು

ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ರೊಬಸ್ಟಾ ಗಿಡದ ಮೊಗ್ಗು ಫೆಬ್ರವರಿಯಲ್ಲಿ ನಿದ್ದೆ ಮಾಡಿದ ಹಾಗೆ ಇರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ವಾಸನೆ ಹೊಡೆಯುತ್ತದೆ. ಇದೇ ಹೂಮಳೆ. ಆಮೇಲೆ ಹದಿನೈದಿಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಎರಡರಲ್ಲಿ ಒಂದು ಕೈಕೊಟ್ಟರೂ ಆ ವರ್ಷದ ಫಸಲು ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಕೆರೆ, ಮೋಟರ್, ಪೈಪು, ನೀರು ಚಿಮ್ಮಿಸುವ ಜೆಟ್ಟು ಇಟ್ಟುಕೊಂಡು ಮಳೆ ಮಾಡುವ ಕೆಲಸವನ್ನು ನಾವೇ ಮಾಡುತ್ತೇವೆ.

ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಕೆರೆಯಿಂದ ಗುಡ್ಡದ ಮೇಲಕ್ಕೆ ಎತ್ತುವ ಎತ್ತರ, ಜೆಟ್ಟಿಗೆ ಬೇಕಾದ ಒತ್ತಡ, ಎರಡೂ ಸೇರಿ 60 ಮೀಟರ್ ಅಂತ ಇಟ್ಟುಕೊಳ್ಳಿ. ಪಂಪು ಮೋಟರು ಸೇರಿ ಎಳೆದ ಕರೆಂಟಿನಲ್ಲಿ ಅರ್ಧವನ್ನಾದರೂ ನೀರಿಗೆ ದಾಟಿಸುತ್ತವೆ ಅಂತಿಟ್ಟುಕೊಳ್ಳಿ. ಆಗ ಎಕರೆಗೆ 34 ಯುನಿಟ್ ಬರುತ್ತದೆ, 24 ಕಿಲೋ ಹೊಗೆ. ಹತ್ತು ಎಕರೆಗೆ, ಹೂವಿಗೂ ಬ್ಯಾಕಿಂಗಿಗೂ ಸೇರಿ, ಏಳುನೂರು ಯುನಿಟ್ ಹತ್ತಿರ. ಇದೆಲ್ಲ ಒಂದು ತಿಂಗಳೊಳಗೆ, ಅಕ್ಕಪಕ್ಕದ ಎಲ್ಲ ತೋಟದಲ್ಲೂ ಒಟ್ಟಿಗೆ.

ಡೀಸೆಲ್ ಎಂಜಿನ್ ಬಿಟ್ಟು ಕರೆಂಟ್ ಮೋಟರ್ ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದು ಅಂತ ನಾನೂ ನಂಬಿದ್ದೆ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋ ಕಾರ್ಬನ್ ಡೈಆಕ್ಸೈಡ್. ಅದೇ ಒಂದು ಎಕರೆಗೆ ಎಂಟೂವರೆ ಲೀಟರ್ ಬೇಕಾಗುತ್ತದೆ. ಗುಣಿಸಿ ನೋಡಿ, 23 ಕಿಲೋ. ಕರೆಂಟಿಗೂ ಡೀಸೆಲ್ಲಿಗೂ ಹೆಚ್ಚು ಕಡಿಮೆ ಸಮ! ಜೇಬಿಗೆ ವ್ಯತ್ಯಾಸ ಇದೆ, ಸದ್ದಿನಲ್ಲಿ ಇದೆ, ಕೆರೆಗೆ ಎಣ್ಣೆ ಸೋರುವುದು ತಪ್ಪುತ್ತದೆ. ಹೊಗೆಯ ಲೆಕ್ಕದಲ್ಲಿ ಮಾತ್ರ ಅಷ್ಟೇನಿಲ್ಲ, ಏಕೆಂದರೆ ದೇಶದ ಕರೆಂಟಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದು.

ಈ ಸಮ ಅನ್ನುವುದು ಸರಾಸರಿಯಲ್ಲಿ ಸಮ. ಮಧ್ಯಾಹ್ನ ಹನ್ನೆರಡಕ್ಕೆ ಎಳೆದ ಯುನಿಟ್ಟೂ ರಾತ್ರಿ ಎಂಟಕ್ಕೆ ಎಳೆದ ಯುನಿಟ್ಟೂ ಮೀಟರಿನಲ್ಲಿ ಒಂದೇ, ಹೊಗೆಯಲ್ಲಿ ಬೇರೆ ಬೇರೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಮಳೆ ಸುದ್ದಿ.

ಮಳೆ ಪುಸ್ತಕದಿಂದ ವಾಟ್ಸಾಪ್‌ಗೆ

ಕೊಡಗಿನ ಯಾವ ಹಳೆ ತೋಟಕ್ಕೆ ಹೋದರೂ ಒಂದು ಮಳೆ ಪುಸ್ತಕ ಸಿಗುತ್ತದೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಬೆಳಿಗ್ಗೆ ಅದರ ನೀರು ಅಳೆದು ಇಂಚು ಸೆಂಟಿನಲ್ಲಿ ಬರೆಯುವ ರೈಟರ್, ಅಂದರೆ ತೋಟದ ಗುಮಾಸ್ತ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಾವು ಇಂಚು ಬಿಟ್ಟಿಲ್ಲ. ಅಜ್ಜನ ಕಾಲದ ಮಳೆಯ ಜೊತೆ ಹೋಲಿಸುವುದಕ್ಕೆ ಅದೇ ಸಲೀಸು.

ಈಗ ಆ ಪುಸ್ತಕ ಫೋನಿಗೆ ಬಂದಿದೆ. ಮಾರ್ಚಿನಲ್ಲಿ ಗುಡುಗಿದ ಅರ್ಧ ಗಂಟೆಗೆ ಬೆಳೆಗಾರರ ವಾಟ್ಸಾಪ್ ಗುಂಪು ಶುರುವಾಗುತ್ತದೆ. ಚೆಟ್ಟಳ್ಳಿ 1.10, ಸುಂಟಿಕೊಪ್ಪ 0.40, ಸಿದ್ದಾಪುರ ಬರೀ ಗಾಳಿ. ಯಾರೂ ಇದನ್ನು ಇಂಧನ ಉಳಿತಾಯದ ಯೋಜನೆ ಅಂತ ಕರೆಯುವುದಿಲ್ಲ. ಆದರೆ ಮೈಸೂರಲ್ಲೋ ಬೆಂಗಳೂರಲ್ಲೋ ಕೂತ ಯಜಮಾನರು ಆ ಒಂದು ಸಾಲು ನೋಡಿ 'ನಾಳೆ ಪೈಪ್ ಶಿಫ್ಟ್ ಮಾಡಬೇಡಿ' ಅಂತ ರೈಟರಿಗೆ ಫೋನ್ ಮಾಡಿದರೆ ಆಯಿತಲ್ಲ, ಎಕರೆಗೆ 34 ಯುನಿಟ್ ಉಳಿಯಿತು. ಕೊಡಗಿನಲ್ಲಿ ಕರೆಂಟ್ ಉಳಿಸಿದ ಸಾಫ್ಟ್‌ವೇರ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸರ್ಕಾರದ ಕಡೆಯಿಂದಲೂ ಒಳ್ಳೆಯ ಕೆಲಸ ಆಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಮೇಲೆ ಕಣ್ಣಿಡುವ ಸಣ್ಣ ಘಟಕವಾಗಿ ಶುರುವಾಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಸೋಲಾರ್ ಫಲಕ, ಒಂದು ಸಿಮ್, ಅಷ್ಟೇ. ಕಾಲು ಗಂಟೆಗೊಮ್ಮೆ ಬಿದ್ದ ಮಳೆಯ ಲೆಕ್ಕ ತಾನಾಗಿಯೇ ಬೆಂಗಳೂರಿಗೆ ಹೋಗುತ್ತದೆ. ರೈತರು ಫೋನ್ ಮಾಡಿ ಹವಾಮಾನ ಕೇಳಿಕೊಳ್ಳುವುದಕ್ಕೆ ವರುಣಮಿತ್ರ ಇದೆ.

ಆದರೆ ಇದಕ್ಕೂ ಒಂದು ಮಿತಿ ಇದೆ. ಜೂನ್ ಜುಲೈ ಮಳೆಯನ್ನು ಮೊದಲೇ ಹೇಳುವುದಕ್ಕೂ ಮಾರ್ಚ್ ಮಳೆಯನ್ನು ಹೇಳುವುದಕ್ಕೂ ಬಹಳ ಅಂತರ. ಮಾರ್ಚಿನದು ಮಧ್ಯಾಹ್ನದ ಬಿಸಿಲಿಗೆ ಎದ್ದ ಒಂಟಿ ಮೋಡ. ರಸ್ತೆಯ ಈಚೆ ಒಂದು ಇಂಚು, ಆಚೆ ಒಣ ಧೂಳು. ಮೂರು ದಿನ ಮುಂಚೆ ಯಾವ ಆ್ಯಪ್ ಕೂಡ ನಿಮ್ಮ ತೋಟದ ಹೆಸರು ಹಿಡಿದು ಹೇಳಲಾರದು. ಹಾಗೆ ಹೇಳುತ್ತೇವೆ ಅಂತ ದುಡ್ಡು ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಬಿದ್ದ ಮಳೆಯ ಸುದ್ದಿ ಬೇಗ ಬರುವುದರಲ್ಲಿ ಇರುವ ಲಾಭ, ಬೀಳಬಹುದಾದ ಮಳೆಯ ಊಹೆಯಲ್ಲಿ ಇಲ್ಲ.

ಇನ್ನೊಂದು ದಾರಿ ಮಣ್ಣನ್ನೇ ಕೇಳುವುದು. ಬೇರಿನ ಆಳಕ್ಕೆ ಒಂದು ಸೆನ್ಸರ್ ಹೂತಿಟ್ಟರೆ ತೇವ ಎಷ್ಟಿದೆ ಅಂತ ಅದು ತಿಳಿಸುತ್ತದೆ. ಲೋರಾ ಅನ್ನುವ ರೇಡಿಯೋ ಬಳಸಿದರೆ ಸಿಮ್ ಕೂಡ ಬೇಡ, 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಓಡುತ್ತದೆ, ಸಣ್ಣ ಬ್ಯಾಟರಿಯೇ ವರ್ಷಗಟ್ಟಲೆ ಬರುತ್ತದೆ. ಬಯಲಿನಲ್ಲಿ ಹಲವು ಕಿಲೋಮೀಟರ್ ಹೋಗುವ ಸಿಗ್ನಲ್ ನಮ್ಮ ಮರ ಗುಡ್ಡದ ಮಧ್ಯೆ ಅಷ್ಟು ದೂರ ಹೋಗುವುದಿಲ್ಲ, ಅದು ಬೇರೆ ಮಾತು. ನಾನು ಎರಡು ಸೆನ್ಸರ್ ಹಾಕಿಸಿದೆ. ಮೊದಲ ಬೇಸಿಗೆ ಚೆನ್ನಾಗಿತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಡಬ್ಬಿಯೊಳಗೆ ನೀರು ಹೋಯಿತು. ಮಾರಿದವರು ಮೊದಲು ನಾಳೆ ಬರುತ್ತೇವೆ ಅಂದರು, ಆಮೇಲೆ ಫೋನ್ ಎತ್ತಲಿಲ್ಲ. ತೇವ ಅಳೆಯುವ ಯಂತ್ರ ತೇವಕ್ಕೇ ಸತ್ತಿತು ಅಂತ ಮನೆಯಲ್ಲಿ ಇವತ್ತಿಗೂ ನಗುತ್ತಾರೆ.

ಎಷ್ಟು ಅಲ್ಲ, ಯಾವಾಗ

ಈಗ ಹೊತ್ತಿನ ಮಾತಿಗೆ ಬರುತ್ತೇನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲು ನೆತ್ತಿಗೆ ಬಂದಾಗ ಅಲ್ಲಿಂದ, ಉತ್ತರ ಕರ್ನಾಟಕದ ಬಯಲಿನಿಂದ ಕರೆಂಟ್ ಹರಿದು ಬರುತ್ತದೆ. ಸಂಜೆ ಆರು ಗಂಟೆಗೆ ಅದು ನಿಂತಿತು. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ. ಆ ಗುಂಡಿ ತುಂಬುವುದು ಶರಾವತಿಯ ನೀರು ಮತ್ತು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಹಾಗಾಗಿ ಹಗಲಿನ ಯುನಿಟ್ಟನ್ನು ಸಂಜೆಯ ಯುನಿಟ್ಟಿನಿಂದ ಬೇರೆ ಮಾಡಿ ನೋಡುವುದೇ ಇವತ್ತಿನ ದೊಡ್ಡ ಕೆಲಸ. ಗಂಟೆ ಗಂಟೆಗೂ ಬಳಕೆ ಬರೆದಿಡುವ ಸ್ಮಾರ್ಟ್ ಮೀಟರ್ ಇಲ್ಲದೆ ಅದು ಆಗುವುದಿಲ್ಲ. ಹಳೆಯ ಮೀಟರಿಗೆ ತಿಂಗಳ ಮೊತ್ತ ಮಾತ್ರ ಗೊತ್ತು.

ಕೇಂದ್ರ ಸರ್ಕಾರ 2023ರಲ್ಲಿ ತಂದ ನಿಯಮದ ತಿರುಳು ಇದೇ. ಬಿಸಿಲಿನ ಹೊತ್ತಿನಲ್ಲಿ ಕರೆಂಟಿಗೆ ಕನಿಷ್ಠ ಶೇ 20 ಕಡಿಮೆ ದರ, ಬೇಡಿಕೆ ಏರುವ ಹೊತ್ತಿನಲ್ಲಿ ಹೆಚ್ಚು ದರ. ಮೊದಲು ಕಾರ್ಖಾನೆ, ಅಂಗಡಿ, ಆಮೇಲೆ ಮನೆ. ಕೃಷಿಯನ್ನು ಮಾತ್ರ ಹೊರಗಿಟ್ಟಿದ್ದಾರೆ. ರಾಜಕೀಯವಾಗಿ ಅರ್ಥವಾಗುವ ಮಾತು. ಆದರೆ ಹೊತ್ತು ಬದಲಿಸುವುದಕ್ಕೆ ಎಲ್ಲರಿಗಿಂತ ಸುಲಭವಾಗಿ ಆಗುವುದು ಪಂಪ್‌ಸೆಟ್ಟಿನವರಿಗೇ! ಅನ್ನ ಮಧ್ಯಾಹ್ನ ಮೂರಕ್ಕೆ ಮಾಡಿ ಅಂದರೆ ಯಾರೂ ಕೇಳುವುದಿಲ್ಲ. ನೀರು ಹನ್ನೊಂದಕ್ಕೆ ಎತ್ತಿದರೂ ನೀರೇ.

ಅಂದ ಹಾಗೆ, ಕಾಫಿ ತೋಟದವರು ಇದಕ್ಕೆ ತಕ್ಷಣ ಒಂದು ತಕರಾರು ತೆಗೆಯುತ್ತಾರೆ, ಅದು ಸರಿಯಾದದ್ದೇ. ಮಧ್ಯಾಹ್ನದ ಬಿಸಿಲಿನಲ್ಲಿ, ಗಾಳಿಯಲ್ಲಿ ಜೆಟ್ ಹಾಕಿದರೆ ನೀರು ಆವಿಯಾಗಿ ಹೋಗುತ್ತದೆ, ಪಕ್ಕದವರ ತೋಟಕ್ಕೂ ಹಾರುತ್ತದೆ. ರಾತ್ರಿ ಗಾಳಿ ಕಡಿಮೆ, ನೀರು ಸಮವಾಗಿ ಬೀಳುತ್ತದೆ. ಕರೆಂಟ್ ಹಸಿರಾದರೆ ನೀರು ಪೋಲು, ನೀರು ಉಳಿದರೆ ಕರೆಂಟ್ ಕಪ್ಪು. ಇದಕ್ಕೆ ಒಂದೇ ಉತ್ತರ ಇಲ್ಲ. ನನಗೆ ತೋರುವುದು, ಬೋರ್‌ವೆಲ್ಲಿನಿಂದಲೋ ತೋಡಿನಿಂದಲೋ ಕೆರೆ ತುಂಬಿಸುವ ಕೆಲಸವನ್ನೆಲ್ಲ ಹಗಲಿಗೆ ಹಾಕಬಹುದು. ಜೆಟ್ಟನ್ನು ಬೆಳಕು ಹರಿದ ಮೇಲೆ, ಗಾಳಿ ಏಳುವ ಮುಂಚೆ ಹಾಕಬಹುದು. ಆನೆಯ ಭಯವೂ ಆಗ ಕಡಿಮೆ. ಮೊಬೈಲ್ ಸ್ಟಾರ್ಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆಯಲ್ಲೇ ಕೂತು ಆನ್ ಮಾಡಬಹುದು, ಅದಕ್ಕಿಂತ ಮುಖ್ಯವಾಗಿ ಆಫ್ ಮಾಡಬಹುದು. ಆ ಮಾರ್ಚ್ ರಾತ್ರಿ ನನಗೆ ಬೇಕಾಗಿದ್ದದ್ದು ಅಷ್ಟೇ.

ಪಂಪಿನ ವೇಗ ತಗ್ಗಿಸುವ ವಿಎಫ್‌ಡಿ ಅನ್ನುವ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ವೇಗ ಶೇ 20 ಇಳಿಸಿದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ಪಠ್ಯದಲ್ಲಿ ಅದು ನಿಜ, ಸಮತಟ್ಟಾದ ಪೈಪಿನಲ್ಲಿ ನೀರು ದೂಡುವಾಗ ನಿಜ. ಗುಡ್ಡ ಹತ್ತಿಸಬೇಕಾದ ಕಡೆ ಆ ಲೆಕ್ಕ ನಡೆಯುವುದಿಲ್ಲ. ವೇಗ ಜಾಸ್ತಿ ಇಳಿಸಿದರೆ ನೀರು ಮೇಲೆ ಬರುವುದೇ ಇಲ್ಲ. ಎತ್ತರಕ್ಕೆ ತೆರಬೇಕಾದ ಕರೆಂಟನ್ನು ಯಾವ ಎಲೆಕ್ಟ್ರಾನಿಕ್ಸೂ ಮಾಫಿ ಮಾಡಲಾರದು. ಮೂರು ಸಲ ರೀವೈಂಡಿಂಗ್ ಮಾಡಿಸಿದ ಮೋಟರು, ಕಸ ಕಟ್ಟಿದ ಫುಟ್‌ವಾಲ್ವು, ಸೋರುವ ಕಪ್ಲಿಂಗ್ ಇಟ್ಟುಕೊಂಡು ಆ್ಯಪ್ ಹಾಕಿಸಿಕೊಳ್ಳುವವರನ್ನೂ ನೋಡಿದ್ದೇನೆ. ಮೊದಲು ಸ್ಪ್ಯಾನರ್, ಆಮೇಲೆ ಸಾಫ್ಟ್‌ವೇರ್.

ಕರೆಂಟ್ ಅಂದರೆ ಇಲ್ಲಿ ಬರೀ ಬಿಲ್ ಅಲ್ಲ ಅನ್ನುವುದನ್ನೂ ಹೇಳಬೇಕು. ಮೈಸೂರಿನಿಂದ ಕೋಯಿಕ್ಕೋಡ್ ಕಡೆಗೆ 400 ಕೆವಿ ಲೈನ್ ಎಳೆಯುವಾಗ, 2015ರ ಸುಮಾರಿಗೆ, ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದವು. ಜನ ಬೀದಿಗಿಳಿದರು, ಲೈನ್ ಬಂದೇ ಬಂತು. ಎಲ್ಲೋ ಒಂದು ಊರಿನಲ್ಲಿ ಸಂಜೆಯ ಬೇಡಿಕೆ ಏರಿದರೆ ಅದರ ದಾರಿ ಇನ್ನೊಂದು ಊರಿನ ಕಾಡಿನ ಮೇಲೆ ಹೋಗುತ್ತದೆ. ಸಂಜೆಯ ಆ ಏರನ್ನು ಸ್ವಲ್ಪ ತಗ್ಗಿಸಿದರೂ ಮುಂದಿನ ಲೈನ್ ಒಂದಷ್ಟು ವರ್ಷ ದೂರ ಹೋದೀತು.

ಫೋನಿನ ಹೊಟ್ಟೆಯೂ ದೊಡ್ಡದು

ಸುದ್ದಿ ತಲುಪಿಸುವ ಯಂತ್ರಕ್ಕೂ ಊಟ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಡೇಟಾ ಸೆಂಟರುಗಳು 2024ರಲ್ಲಿ ಎಳೆದದ್ದು ಸುಮಾರು 41,500 ಕೋಟಿ ಯುನಿಟ್. ಜಗತ್ತಿನ ಒಟ್ಟು ವಿದ್ಯುತ್ತಿನ ಶೇ 1.5. ಇದು 2030ರ ಹೊತ್ತಿಗೆ 94,500 ಕೋಟಿಯ ಹತ್ತಿರ ಮುಟ್ಟಬಹುದು ಅಂತ ಅದರ ಅಂದಾಜು. ಇವತ್ತು ಇಡೀ ಜಪಾನ್ ಬಳಸುವುದಕ್ಕಿಂತ ಸ್ವಲ್ಪ ಜಾಸ್ತಿ. ಈ ಏರಿಕೆಯ ಹಿಂದೆ ಇರುವುದು ಮುಖ್ಯವಾಗಿ ಎಐ.

ಹಾಗಂತ ಎಐಗೆ ಒಂದು ಪ್ರಶ್ನೆ ಕೇಳುವುದೇ ಪಾಪ ಅಂದುಕೊಳ್ಳಬೇಡಿ. ತನ್ನ ಎಐ ಜೆಮಿನಿಗೆ ಕೇಳುವ ಒಂದು ಸಾಧಾರಣ ಪ್ರಶ್ನೆಗೆ 0.24 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯುನಿಟ್) ಖರ್ಚಾಗುತ್ತದೆ ಅಂತ ಗೂಗಲ್ 2025ರಲ್ಲಿ ಹೇಳಿತು. ಕಂಪನಿಯದೇ ಲೆಕ್ಕ, ಎಐಗೆ ತರಬೇತಿ ಕೊಡಲು ಉರಿದ ಕರೆಂಟ್ ಅದರಲ್ಲಿ ಸೇರಿಲ್ಲ. ಆದರೂ ಹೋಲಿಸಿ ನೋಡೋಣ. ನನ್ನ 10 ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಅಂಥ 35 ಸಾವಿರ ಪ್ರಶ್ನೆಯ ಕರೆಂಟ್. ಕೇಳುವ ಒಂದು ಪ್ರಶ್ನೆಯಿಂದ ಒಂದು ಗಂಟೆ ಮೋಟರ್ ತಪ್ಪಿದರೂ ಲಾಭ ಎಲ್ಲಿಗೋ ಹೋಯಿತು. ಕಷ್ಟ ಏನೆಂದರೆ, ಕೇಳುವ ಪ್ರಶ್ನೆಗಳಲ್ಲಿ ಎಷ್ಟು ಮೋಟರ್ ನಿಲ್ಲಿಸುವಂಥವು, ಎಷ್ಟು ಬೆಳಗಿನ ಶುಭೋದಯದ ಚಿತ್ರ ಮಾಡಿಸುವಂಥವು?

ಕೊಡಗಿನಲ್ಲಿ ಇದರ ಇನ್ನೊಂದು ಮುಖ ಮಳೆಗಾಲದಲ್ಲಿ ಕಾಣುತ್ತದೆ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಇಲ್ಲ. ಟವರಿನ ಬ್ಯಾಟರಿ ಕೆಲವು ಗಂಟೆ ತಾಳುತ್ತದೆ, ಆಮೇಲೆ ಡೀಸೆಲ್ ಜನರೇಟರ್, ಡೀಸೆಲ್ ಮುಗಿದರೆ ರೇಂಜೂ ಮುಗಿಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಸುದ್ದಿ ಅತಿ ಹೆಚ್ಚು ಬೇಕಾಗಿದ್ದ ದಿನಗಳಲ್ಲೇ ಫೋನುಗಳು ಸತ್ತು ಬಿದ್ದಿದ್ದವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುವುದೂ ಉಂಟು. ಇಂಥ ಮಳೆ ಹೆಚ್ಚಾಗುವ ಕಾಲದಲ್ಲಿ ಟವರುಗಳ ಬುಡಕ್ಕೆ ಡೀಸೆಲ್ ಬದಲು ದೊಡ್ಡ ಬ್ಯಾಟರಿ ಬರಬೇಕಾದದ್ದು ಹೊಗೆಗಾಗಿ ಮಾತ್ರ ಅಲ್ಲ.

ಇನ್ನು ಓಡಾಟ. 2020ರ ಲಾಕ್‌ಡೌನ್‌ನಲ್ಲಿ ಐಟಿ ಹುಡುಗರು ಹುಡುಗಿಯರು ಊರಿಗೆ ಬಂದರು, ರೇಂಜ್ ಸಿಗುವ ಗುಡ್ಡ ಹುಡುಕಿ ಲ್ಯಾಪ್‌ಟಾಪ್ ಇಟ್ಟರು. ಲೆಕ್ಕ ಸ್ಪಷ್ಟ ಇದೆ. ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಬರಲು 500 ಕಿಲೋಮೀಟರ್ ಮೇಲೆ, ಕಾರಿಗೆ 33 ಲೀಟರ್ ಪೆಟ್ರೋಲ್, ಸುಮಾರು 75 ಕಿಲೋ ಹೊಗೆ. ಒಂದು ಗಂಟೆಯ ವಿಡಿಯೋ ಮೀಟಿಂಗಿಗೆ ಕಿಲೋ ಅಲ್ಲ, ಗ್ರಾಮಿನಲ್ಲಿ ಲೆಕ್ಕ. ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿತ್ತು. ಆದರೆ ಅದೇ ಫೋನಿನಲ್ಲಿ ಮಾಂದಲಪಟ್ಟಿಯ ಮಂಜಿನ ಮೂವತ್ತು ಸೆಕೆಂಡಿನ ರೀಲ್ ಓಡುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟ ಕಾರುಗಳು ಶನಿವಾರ ಬೆಳಿಗ್ಗೆ ಕುಶಾಲನಗರದಲ್ಲಿ ಸಾಲುಗಟ್ಟುತ್ತವೆ. ರಾಜಾಸೀಟಿನ ಹತ್ತಿರ ಪಾರ್ಕಿಂಗ್ ಹುಡುಕುತ್ತ ಎಸಿ ಹಾಕಿಕೊಂಡು ಸುತ್ತುವುದು ಬೇರೆ. ಮೀಟಿಂಗಿನಲ್ಲಿ ಉಳಿದ ಪೆಟ್ರೋಲ್ ರೀಲಿಗೆ ಹೋಯಿತು. ಒಟ್ಟು ಲಾಭವೋ ನಷ್ಟವೋ ಅಂತ ಯಾರೂ ಕೂಡಿಸಿ ಕಳೆದು ನೋಡುವುದಿಲ್ಲ.

ಆ ಕಾರಿನವರು ಉಳಿಯುವ ಹೋಂಸ್ಟೇಯ ಗೀಸರನ್ನೂ ಮರೆಯಬಾರದು. ಹದಿನೈದು ಲೀಟರ್ ನೀರನ್ನು ನಲವತ್ತು ಡಿಗ್ರಿ ಏರಿಸಲು ಮುಕ್ಕಾಲು ಯುನಿಟ್ ಸಾಕು. ರಾತ್ರಿಯೆಲ್ಲ ಆನ್ ಇಟ್ಟರೆ ಅದು ತಣ್ಣಗಾಗುತ್ತ ಮತ್ತೆ ಬಿಸಿಯಾಗುತ್ತ ಇರುತ್ತದೆ. ಇದಕ್ಕೆ ಎಐ ಬೇಡ, ಟೈಮರ್ ಇರುವ ಪ್ಲಗ್ ಸಾಕು.

ಉಳಿಸಿದ್ದನ್ನು ಖರ್ಚು ಮಾಡುವ ಈ ಚಾಳಿ ಹಳೆಯದು. ಉಗಿ ಎಂಜಿನ್ ಸುಧಾರಿಸಿದಷ್ಟೂ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರುತ್ತದೆ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ತೋರಿಸಿದ್ದ. ನಮ್ಮಲ್ಲಿ 2015ರಿಂದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬ್ ಹಂಚಿದರು. ಕರೆಂಟ್ ಉಳಿದದ್ದು ನಿಜ. ಜೊತೆಗೆ, ಮುಂಚೆ ಒಂದು ಬಲ್ಬ್ ಇದ್ದ ಅಂಗಳದಲ್ಲಿ ಈಗ ನಾಲ್ಕು ಇವೆ, ಕಾಫಿ ಕಣಕ್ಕೆ ಫ್ಲಡ್‌ಲೈಟ್ ಬೇರೆ. ನಮ್ಮ ಮನೆಯದ್ದೇ ಹೇಳುತ್ತಿದ್ದೇನೆ.

ಐಟಿ ಉದ್ಯಮದ ಒಂದು ಜಾಗತಿಕ ಕೂಟ 2008ರಲ್ಲಿ ದೊಡ್ಡ ಭರವಸೆ ಕೊಟ್ಟಿತ್ತು. ಜಗತ್ತಿನ ಒಟ್ಟು ಹೊಗೆಯಲ್ಲಿ ಐಟಿಯಿಂದ ಆಗುವುದು ಶೇ 2, ಅದು ಬೇರೆ ಕ್ಷೇತ್ರಗಳಲ್ಲಿ ಉಳಿಸಬಲ್ಲ ಹೊಗೆ 2020ರ ಹೊತ್ತಿಗೆ ಶೇ 15 ಅಂತ. ಏಳು ವರ್ಷದ ನಂತರ ಹೊಸ ವರದಿ ಬಂತು, 2030ಕ್ಕೆ ಶೇ 20 ಅಂತ. ಇತ್ತ 2024ರಲ್ಲಿ ಇಂಧನದಿಂದ ಹೊರಟ ಕಾರ್ಬನ್ ಡೈಆಕ್ಸೈಡ್ 3,780 ಕೋಟಿ ಟನ್, ಅದುವರೆಗಿನ ದಾಖಲೆ. ವರದಿ ಬರೆದವರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಉಳಿಸಬಹುದು ಅಂದರು, ಉಳಿಯುತ್ತದೆ ಅನ್ನಲಿಲ್ಲ. ಆ 'ಬಹುದು' ನಾವು ಓದುವಾಗ ಜಾರಿ ಹೋಯಿತು.

ನಮ್ಮಲ್ಲಿ ಆ 'ಬಹುದು' ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂದರೆ ಬೆಲೆಯಲ್ಲಿ. ಕಾಫಿ ತೋಟದ 10 ಎಚ್‌ಪಿ ಪಂಪ್‌ಸೆಟ್ಟಿಗೆ ಉಳಿದ ರೈತರ ಹಾಗೆ ಉಚಿತ ವಿದ್ಯುತ್ ಕೊಡಿ ಅನ್ನುವ ಹೋರಾಟ ಇಲ್ಲಿ ಹಳೆಯದು. ನಾನೂ ಮೀಟಿಂಗುಗಳಿಗೆ ಹೋಗಿ ಕೈ ಎತ್ತಿದವನೇ. ರಾಗಿ ಬೆಳೆಯುವವನಿಗೆ ಇದ್ದದ್ದು ಎರಡು ಎಕರೆ ಕಾಫಿಯವನಿಗೆ ಯಾಕಿಲ್ಲ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಆದರೆ ಉಚಿತ ಕರೆಂಟಿನ ಮುಂದೆ ಯಾವ ಸೆನ್ಸರಿಗೂ ಬೆಲೆ ಇಲ್ಲ. ಉಳಿಸಿದ 40 ಯುನಿಟ್ಟಿಗೆ ಒಂದು ರೂಪಾಯಿ ಸಿಗದಿದ್ದರೆ ಮಳೆ ಬಂದಿದೆ ಅನ್ನುವ ಸುದ್ದಿ ಯಾರಿಗೆ ಬೇಕು? ಉಚಿತದ ಬದಲು ಎಕರೆಗೆ ಇಷ್ಟು ಯುನಿಟ್ಟಿನ ಹಣ ಖಾತೆಗೆ ಹಾಕಿ, ಬಳಸಿದ್ದಕ್ಕೆ ಬಿಲ್ ಕಟ್ಟಿಸಿಕೊಳ್ಳಿ, ಉಳಿಸಿದ್ದು ರೈತನಿಗೇ ಇರಲಿ. ಹಗಲು ಎತ್ತಿದವರಿಗೆ ಇನ್ನಷ್ಟು ರಿಯಾಯಿತಿ ಕೊಡಿ. ಸ್ಮಾರ್ಟ್ ಮೀಟರನ್ನು ಕಂಡರೆ ಜನ ಯಾಕೆ ಹೆದರುತ್ತಾರೆ ಅಂದರೆ, ಅದರ ಸುದ್ದಿ ಈಗ ಒಂದೇ ಕಡೆಗೆ ಹೋಗುತ್ತದೆ, ಬಿಲ್ ಮಾಡುವವರ ಕಡೆಗೆ. ಅದೇ ಸುದ್ದಿ ನಮ್ಮ ಜೇಬಿಗೂ ಬಂದರೆ ಹೆದರಿಕೆ ತಾನಾಗಿ ಇಳಿಯುತ್ತದೆ.

ಈ ಮಾತನ್ನು ನಮ್ಮ ಗುಂಪಿನಲ್ಲಿ ಹಾಕಿದ್ದೆ. ಹಿರಿಯರೊಬ್ಬರು 'ಮೊದಲು ಉಚಿತ ಬರಲಿ ಮಾರಾಯ, ಆಮೇಲೆ ಉಳಿಸೋಣ' ಅಂತ ಬರೆದರು. ಕೆಳಗೆ ಇಪ್ಪತ್ತು ಹೆಬ್ಬೆರಳು.

ನಾವು ಮಾತ್ರ ಮನೆಯಲ್ಲಿ ಒಂದು ಸಣ್ಣ ಕೆಲಸ ಶುರುಮಾಡಿದ್ದೇವೆ. ಆಟೋ ಸ್ವಿಚ್ ತೆಗೆಸಿ ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಮಳೆ ಪುಸ್ತಕದಲ್ಲಿ ಇಂಚಿನ ಪಕ್ಕ ಇನ್ನೊಂದು ಗೆರೆ ಎಳೆದು ಯುನಿಟ್ ಬರೆಯುತ್ತಿದ್ದೇವೆ. ರೈಟರಿಗೆ ಮೊದಲು ಇದು ಹುಡುಗಾಟ ಅನ್ನಿಸಿತ್ತು. ಈಗ ಸಂಜೆ ಮೀಟರ್ ನೋಡಿ ಬರುವುದಕ್ಕೆ ಅವರೇ ಮೊದಲು ಹೊರಡುತ್ತಾರೆ. ಕಳೆದ ಮಾರ್ಚಿನ ಪುಟ ಈಗ ನನ್ನೆದುರಿಗಿದೆ. ನಾಲ್ಕನೇ ತಾರೀಖು, ಮಳೆ 0, ಯುನಿಟ್ 36. ಐದನೇ ತಾರೀಖು, ಮಳೆ 0, ಯುನಿಟ್ 33. ಆರನೇ ತಾರೀಖು, ಮಳೆ 0.95, ಯುನಿಟ್ 0. ಆ ಸೊನ್ನೆಯ ಕೆಳಗೆ ರೈಟರ್ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದಾರೆ.